ದನಿ ಒಡದಿದ್ರೂ ಹಾಡ್ರಿ



‘ನನಗೆ ಹಾಡಲು ಬರುವುದಿಲ್ಲ’ ಎಂದು ನೀವೂ ಎಂದಾದರೂ ಹೇಳಿರಬೇಕಲ್ಲವೇ? ನಾನಂತೂ ಮೂವತ್ತು ವರ್ಷ ಹೇಳಿದ್ದೇನೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ‘ನೀ ಬರೇ ಬಾಯಿ ಆಡಸು, ದನಿ ತಗೀಬ್ಯಾಡ’ ಎಂದಿದ್ದರು. ಅಂದಿನಿಂದ ಮಕ್ಕಳಿಗೆ ಜೋಗುಳ ಹಾಡುವಾಗಲೂ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ.

ಮೂರು ವರ್ಷದ ಹಿಂದೆ, ಶ್ರಾವಣದಲ್ಲಿ, ನಮ್ಮ ಓಣಿಯ ಅಕ್ಕನ ಬಳಗದ ಹಿರಿಯರೊಬ್ಬರು ಕರೆಯಲು ಬಂದರು. ‘ನನ್ನ ದನಿ ಒಡದ ಗಡಿಗಿ ಇದ್ಹಂಗ ಐತ್ರಿ ಕಾಕೂ’ ಎಂದೆ. ‘ಇಲ್ಲಿ ದನಿ ಯಾರೂ ನೋಡಂಗಿಲ್ಲವಾ, ಬಂದು ಕೂಡು’ ಎಂದರು. ಹೋಗಿ ಕುಳಿತೆ.

ನಮ್ಮ ಅವ್ವ, ಅಜ್ಜಿ ಯಾರಿಗೆ ಪರೀಕ್ಷೆ ಕೊಟ್ಟು ಹಾಡಿದ್ದರು ಹೇಳಿ? ಬೀಸುವ ಕಲ್ಲಿಗೆ ಎದುರುಬದುರು ಕೂತು ಒಬ್ಬರು ಎತ್ತಿದರೆ ಇನ್ನೊಬ್ಬರು ದನಿಗೂಡಿಸುತ್ತಿದ್ದರು. ಅಂಥ ಹಾಡುಗಳನ್ನೇ ಇಂಡಿ ಸೀಮೆಯ ಹಲಸಂಗಿ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಹಾಡೂ ಮೂಲೆ ಸೇರಿತು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆ ನಮ್ಮದು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ ತಂದು 1923ರಲ್ಲಿ ‘ವಚನ ಶಾಸ್ತ್ರ ಸಾರ’ ಪ್ರಕಟಿಸಿದ್ದೂ ಇಲ್ಲಿಯ ಮಾತೇ. ಅದನ್ನು ಸೇರಿ ಹಾಡದಿದ್ದರೆ ನಮಗೆ ಉಳಿದದ್ದೇನು?

ನಾನು ಅಲ್ಲಿ ಕಲಿತ ನಾಲ್ಕು ಮಾತು ನಿಮಗೂ ಉಪಯೋಗವಾದೀತು. ಒಬ್ಬರು ಸಾಲು ಹೇಳಲಿ, ಉಳಿದವರು ಹಿಂದೆ ಹೇಳಲಿ; ಓದು ಬಾರದವರಿಗೂ ಬಾಯಿಪಾಠವಾಗುತ್ತದೆ. ಹಾರ್ಮೋನಿಯಂನ ಸ್ವರ ಎತ್ತರ ಹಿಡಿಯಬೇಡಿ. ತಗ್ಗು ದನಿಯವರಿಗೂ ಎಟಕುವಂತಿರಲಿ. ಎಲ್ಲರೂ ಒಮ್ಮೆಲೇ ಉಸಿರು ತೆಗೆದುಕೊಳ್ಳಬೇಡಿ, ಹಾಡು ಕಡಿಯುವುದಿಲ್ಲ. ಪಕ್ಕದವರ ದನಿ ಕೇಳದಷ್ಟು ಜೋರಾಗಿ ಹಾಡಬೇಡಿ. ತಪ್ಪುವವರನ್ನು ಇಬ್ಬರು ಬಲ್ಲವರ ನಡುವೆ ಕೂಡ್ರಿಸಿ, ಸಾಕು.

ಕಳೆದ ಬಸವ ಜಯಂತಿಗೆ ನಮ್ಮ ಬಳಗವನ್ನು ವೇದಿಕೆಗೆ ಕರೆದರು. ‘ಮೈಕ್ ಇರ್ತೈತಿ, ಚಲೋ ದನಿಯವರು ಆರು ಮಂದಿ ಸಾಕು’ ಎಂಬ ಮಾತು ಬಂತು. ನನ್ನ ಪಕ್ಕದಲ್ಲಿದ್ದವರು ಸುಮ್ಮನೆ ಎದ್ದು ಚಪ್ಪಲಿ ಹುಡುಕಿದರು. ಯಜಮಾನರು ಹೋದ ಮೇಲೆ ಯಾರ ಹತ್ತಿರವೂ ಮಾತಾಡದೆ, ಸೋಮವಾರ ಮಾತ್ರ ಬಾಯಿ ಬಿಡುತ್ತಿದ್ದ ಹೆಣ್ಣುಮಗಳು ಆಕೆ. ನನಗೆ ಶಾಲೆಯ ಪ್ರಾರ್ಥನೆ ನೆನಪಾಯಿತು. ‘ಹಾಡೂದಾದ್ರ ಎಲ್ಲಾರೂ ಹಾಡೂಣು, ಇಲ್ಲಾಂದ್ರ ನಾನೂ ಬರಂಗಿಲ್ಲ’ ಎಂದುಬಿಟ್ಟೆ.

ಹತ್ತೊಂಬತ್ತು ಮಂದಿ ಹತ್ತಿದೆವು. ನಡುವೆ ತಾಳ ತಪ್ಪಿತು, ಮುಂದೆ ಕೂತವರು ನಕ್ಕರು. ಚೆನ್ನಾಗಿ ಹಾಡುತ್ತಿದ್ದ ಒಬ್ಬರು ಬೇಸರಪಟ್ಟು ಬರುವುದನ್ನು ಬಿಟ್ಟಿದ್ದಾರೆ. ಅವರ ಮನೆಗೆ ಎರಡು ಸಲ ಹೋಗಿಬಂದೆ, ಮತ್ತೆ ಹೋಗುತ್ತೇನೆ. ಆದರೆ ಮುಂದಿನ ಸೋಮವಾರ ಆಕೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿದ್ದರು.

ನಿಮ್ಮ ಓಣಿಯಲ್ಲಿ ಬಳಗವಿಲ್ಲವೇ? ಒಂದು ಚಾಪೆ, ಒಂದು ಜೋಡಿ ತಾಳ, ನಾಲ್ಕು ಮಂದಿ ಇದ್ದರೆ ಆಯಿತು. ಮೊದಲು ಕರೆಯಬೇಕಾದದ್ದು ‘ನನಗ ಬರಂಗಿಲ್ಲ’ ಅನ್ನುವವರನ್ನೇ.