ನೈಜೀರಿಯಾ, ಬೋಟ್ಸ್‌ವಾನಾ ಮತ್ತು ನಮ್ಮ ಬಳ್ಳಾರಿ

"ಬೋಟ್ಸ್‌ವಾನಾಗಿಂತ ಏಳು ಪಟ್ಟು ಡಾಲರ್ ನೈಜೀರಿಯಾ ಹತ್ರ ಇದೆ, ಅದೇ ಗಟ್ಟಿ ದೇಶ ಕಣೋ." ಹೆಬ್ಬಾಳದ ಜಾಮ್‌ನಲ್ಲಿ ಕ್ಯಾಬ್ ನಿಂತಿದ್ದಾಗ ಸಹೋದ್ಯೋಗಿಯೊಬ್ಬ ಹೇಳಿದ್ದು. ಬಿ.ಇ. ಮುಗಿಸಿದ ನಾವು ಭಾಗಾಕಾರವನ್ನೇ ಮರೆತರೆ ಹೇಗೆ ಸ್ವಾಮೀ!

ಲೆಕ್ಕ ನೋಡಿ. 2023ರ ಕೊನೆಗೆ ನೈಜೀರಿಯಾದ ವಿದೇಶಿ ವಿನಿಮಯ ಮೀಸಲು ಸುಮಾರು 33 ಬಿಲಿಯನ್ ಡಾಲರ್. ಬೋಟ್ಸ್‌ವಾನಾದ್ದು 5 ಬಿಲಿಯನ್ನಿಗೂ ಸ್ವಲ್ಪ ಕಮ್ಮಿ. ಆದರೆ ಮೊದಲನೆಯದರಲ್ಲಿ ಜನ 20 ಕೋಟಿಗೂ ಮೇಲೆ, ಎರಡನೆಯದರಲ್ಲಿ ಸುಮಾರು 25 ಲಕ್ಷ. ಅಂದರೆ ಬೆಂಗಳೂರಿನ ಒಂದು ಮೂಲೆಯಷ್ಟು :-) ತಲೆಗಿಷ್ಟು ಅಂತ ಹಂಚಿದರೆ ಬೋಟ್ಸ್‌ವಾನಾದ ಪಾಲು ಹತ್ತು ಪಟ್ಟಿಗೂ ಜಾಸ್ತಿ!

ಇರ್ಲಿ, ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಎರಡೂ ದೇಶಗಳಿಗೆ ದುಡ್ಡು ಬಂದದ್ದು ನೆಲದಡಿಯಿಂದ. ಬೋಟ್ಸ್‌ವಾನಾ ಸ್ವತಂತ್ರವಾದದ್ದು 1966ರಲ್ಲಿ, ಮಾರನೇ ವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. 1990ರ ದಶಕದಲ್ಲಿ ಅವರು ಪುಲಾ ಫಂಡ್ ಅಂತ ಮಾಡಿ, ಮಿಕ್ಕ ಹಣವನ್ನು ಹೊರದೇಶದ ಬಾಂಡು, ಷೇರುಗಳಲ್ಲಿ ಹಾಕಿಟ್ಟರು. (ಪುಲಾ ಅಂದರೆ ಅವರ ಭಾಷೆಯಲ್ಲಿ ಮಳೆ. ಅವರ ನಾಣ್ಯದ ಹೆಸರೂ ಅದೇ. ಎಷ್ಟು ಚೆಂದ ಅಲ್ವಾ?) ನೈಜೀರಿಯಾ ಕೂಡ 2004ರಲ್ಲಿ ತೈಲದ ಹೆಚ್ಚುವರಿ ಹಣಕ್ಕೆ ಒಂದು ಖಾತೆ ತೆರೆಯಿತು. 2008ರ ಹೊತ್ತಿಗೆ ಅದರಲ್ಲಿ 20 ಬಿಲಿಯನ್ ಡಾಲರ್ ಇತ್ತು. ಆದರೆ ಗಟ್ಟಿ ಕಾನೂನಿನ ಆಸರೆ ಇರಲಿಲ್ಲ, ರಾಜ್ಯಗಳ ಗವರ್ನರುಗಳು ನಮ್ಮ ಪಾಲು ಕೊಡಿ ಅಂತ ಕೂತರು. 2010ರ ಹೊತ್ತಿಗೆ ಬಹುಪಾಲು ಖಾಲಿ.

"2023ರಿಂದ ವಜ್ರದ ವ್ಯಾಪಾರ ಕುಸಿದು ಬೋಟ್ಸ್‌ವಾನಾನೂ ಗಂಟು ಕರಗಿಸ್ತಿದೆಯಲ್ಲ" ಅನ್ನಬಹುದು ನೀವು. ಹೌದು. ಕರಗಿಸೋಕೆ ಗಂಟು ಅಂತ ಒಂದಿತ್ತಲ್ಲ?

ಈಗ ನಮ್ಮ ಕಡೆ ಬನ್ನಿ. ಕೋಲಾರದಿಂದ ಸುಮಾರು 800 ಟನ್ ಚಿನ್ನ ತೆಗೆದೆವು. 1956ರವರೆಗೆ ಲಾಭ ಹೋದದ್ದು ಲಂಡನ್ನಿಗೆ. ಅದರಲ್ಲಿ ಬಹುಕಾಲ ನಾವು ಆಳಿಸಿಕೊಂಡವರು, ಬಿಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಕೆಜಿಎಫ್ ಜನರಿಗೆ ಉಳಿದದ್ದು ಸೈನೈಡ್ ಗುಡ್ಡ. ಬಳ್ಳಾರಿ ಮಾತ್ರ ನಮ್ಮದೇ ಕಾಲದ ಕಥೆ. ಚೀನಾಕ್ಕೆ ಅದಿರು ಹೋಗುವಾಗ ಮಾರುಕಟ್ಟೆ ಬೆಲೆ ಟನ್ನಿಗೆ ಸಾವಿರಾರು ರೂಪಾಯಿ. 2009ರ ಆಗಸ್ಟ್‌ವರೆಗೆ ನಮಗೆ ಸಿಗುತ್ತಿದ್ದ ರಾಯಲ್ಟಿ? ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ! ಒಂದು ಮಸಾಲೆ ದೋಸೆ ದುಡ್ಡು. ಅಕ್ರಮದಿಂದ ಖಜಾನೆಗಾದ ನಷ್ಟ 16,085 ಕೋಟಿ ಅಂತ 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೇಳಿತು. ನಾವು ಅಕ್ರಮದ ಬಗ್ಗೆ ಕೂಗಾಡಿದೆವು, ಸರಿ. ಸಕ್ರಮವಾಗಿ ಬಂದ ದುಡ್ಡು ಎಲ್ಲಿ ಹೋಯ್ತು ಅಂತ ಯಾರೂ ಕೇಳಲಿಲ್ಲ. ಅದು ಬಜೆಟ್ಟಿನಲ್ಲಿ ಸೇರಿ ಸಂಬಳ, ಸಬ್ಸಿಡಿಗಳ ಜೊತೆ ಕರಗಿಹೋಯ್ತು.

ಗಣಿ ಪ್ರದೇಶದ ಪುನಶ್ಚೇತನಕ್ಕೆ ಅಂತ ಈಗ ಒಂದು ದೊಡ್ಡ ಮೊತ್ತ ಇದೆ, ನಿಜ. ಅದನ್ನು ಇಡಿಸಿದ್ದು ಸುಪ್ರೀಂ ಕೋರ್ಟು, ನಮ್ಮ ವಿಧಾನಸಭೆ ಅಲ್ಲ. ಅದೂ ಆದ ಗಾಯಕ್ಕೆ ಮುಲಾಮು, ಮುಂದಿನವರ ಗಂಟಲ್ಲ.

ವಿದೇಶಿ ವಿನಿಮಯ ಕೇಂದ್ರದ ವಿಷಯ, ರಾಜ್ಯ ಏನು ಮಾಡೋಕಾಗತ್ತೆ ಅನ್ನೋದು ಸೋಮಾರಿ ವಾದ. ನ್ಯೂಯಾರ್ಕಿನ ಷೇರೇ ಬೇಕಿಲ್ಲ, ಇಲ್ಲಿನ ಸರ್ಕಾರಿ ಬಾಂಡೇ ಸಾಕು. ರಾಯಲ್ಟಿಯಲ್ಲಿ ಒಂದು ಪಾಲು ಅಲ್ಲಿಗೆ ಹೋಗಲಿ, ಅಸಲು ಮುಟ್ಟಬಾರದು ಅಂತ ಕಾನೂನಾಗಲಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಕನ್ನಡದಲ್ಲಿ ಪ್ರಕಟವಾಗಲಿ. ಸಂಡೂರಿನಲ್ಲಿ ಅದಿರು ಇನ್ನೂ ಇದೆ, ಲಾರಿಗಳೂ ಓಡಾಡ್ತಿವೆ.