ಮಳೆಗಾಗಿ ನಮಾಝ್, ಮಳೆನೀರು ಚರಂಡಿಗೆ

ನೀರಿನ ಅಭಾವವಿರುವುದರಿಂದ ಜಮಾಅತ್ ಬಾಂಧವರು ಮನೆಯಿಂದಲೇ ವುಝೂ ನಿರ್ವಹಿಸಿ ಬರಬೇಕೆಂಬ ಪ್ರಕಟಣೆ ನಮ್ಮ ಕರಾವಳಿಯ ಮಸೀದಿಗಳಲ್ಲಿ ಈಗ ಅಪರೂಪವಲ್ಲ. ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ಬತ್ತಿ ಮಂಗಳೂರು ನಗರವು 2016ರಲ್ಲಿಯೂ 2019ರಲ್ಲಿಯೂ ಸರದಿಯ ಮೇಲೆ ನೀರು ಕುಡಿಯಿತು. ಅಂಥ ದಿನಗಳಲ್ಲಿ ನಾವು ಮೈದಾನದಲ್ಲಿ ಸೇರಿ ಇಸ್ತಿಸ್ಕಾ ನಮಾಝ್ ನಿರ್ವಹಿಸುತ್ತೇವೆ, ಕೈಯೆತ್ತಿ ಮಳೆಗಾಗಿ ಅಂಗಲಾಚುತ್ತೇವೆ. ಜೂನ್ ತಿಂಗಳಲ್ಲಿ ಅಲ್ಲಾಹನು ಮಳೆ ಸುರಿಸುತ್ತಾನೆ. ಮಸೀದಿಯ ವಿಶಾಲವಾದ ತಾರಸಿಯ ಮೇಲೆ ಬಿದ್ದ ಆ ನೀರನ್ನು ನಾವು ಪೈಪಿನ ಮೂಲಕ ನೇರವಾಗಿ ರಸ್ತೆಯ ಚರಂಡಿಗೆ ಬಿಡುತ್ತೇವೆ.

ಪ್ರಾರ್ಥನೆಯನ್ನು ನಾವು ಆಕ್ಷೇಪಿಸುತ್ತಿಲ್ಲ. ಪ್ರಾರ್ಥನೆಗೆ ದೊರೆತ ಉತ್ತರವನ್ನು ಸ್ವೀಕರಿಸಿದ ರೀತಿಯನ್ನು ಆಕ್ಷೇಪಿಸುತ್ತಿದ್ದೇವೆ.

ಲೆಕ್ಕ ಹಾಕಿ ನೋಡೋಣ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತಲೂ ಅಧಿಕ ಮಳೆಯಾಗುತ್ತದೆ. ಐದು ಸಾವಿರ ಚದರಡಿಯ ಒಂದು ತಾರಸಿಯ ಮೇಲೆ ಬೀಳುವ ನೀರು ಹದಿನಾರು ಲಕ್ಷ ಲೀಟರ್. ಇನ್ನೂರು ಮಂದಿ ದಿನಕ್ಕೆ ಐದು ಬಾರಿ, ಪ್ರತಿ ಬಾರಿಯೂ ಐದು ಲೀಟರಿನಂತೆ ಖರ್ಚು ಮಾಡಿದರೂ ಸುಮಾರು ಹನ್ನೊಂದು ತಿಂಗಳು ಸಾಲುವಷ್ಟು. ಅಷ್ಟನ್ನೂ ಟ್ಯಾಂಕಿನಲ್ಲಿ ತುಂಬಿಡಲಾಗದು ನಿಜ. ಆದರೆ ಮರಳು, ಜಲ್ಲಿ ಹಾಸಿದ ಒಂದು ಶೋಧಕ ಗುಂಡಿಯ ಮೂಲಕ ಮಸೀದಿಯ ಬಾವಿಗೆ ಇಳಿಸಲಾಗದೆ? ಅದರ ವೆಚ್ಚ ನಮ್ಮ ಮಸೀದಿಯ ಹವಾನಿಯಂತ್ರಣ ವ್ಯವಸ್ಥೆಯ ವೆಚ್ಚದ ಒಂದಂಶವಷ್ಟೆ.

ಅಷ್ಟಕ್ಕೂ ಐದು ಲೀಟರ್ ಯಾರು ಹೇಳಿದ್ದು? ಪ್ರವಾದಿ(ಸ)ರವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ, ವುಝೂ ಮಾಡುತ್ತಿದ್ದರೆಂದು ನಾವು ಮದ್ರಸಾದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಕ್ಕಳು ಹೊರಬಂದು ಪೂರ್ತಿ ತೆರೆದ ನಲ್ಲಿಯ ಮುಂದೆ ಕುಳಿತು ತೋಳು ತೊಳೆಯುತ್ತಾರೆ. ಹಳೆಯ ಮಸೀದಿಗಳಲ್ಲಿ ಹೌಝ್ ಇತ್ತು. ಕೈಯಿಂದ ಮೊಗೆದಷ್ಟೇ ನೀರು ಖರ್ಚಾಗುತ್ತಿತ್ತು. ಅದನ್ನು ಮುಚ್ಚಿ ಗ್ರಾನೈಟ್ ಹಾಸಿ ಸಾಲುಸಾಲಾಗಿ ನಲ್ಲಿ ಜೋಡಿಸಿದ್ದನ್ನು ನಾವು ಅಭಿವೃದ್ಧಿ ಎಂದು ಕರೆದೆವು. ಉದ್ಘಾಟನೆಗೆ ಗಣ್ಯರನ್ನೂ ಕರೆದೆವು.

ಹವಾಮಾನ ಬದಲಾವಣೆಯ ಮಾತೆತ್ತಿದೊಡನೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ಇದೆಲ್ಲ ಕಿಯಾಮತ್‌ನ ಲಕ್ಷಣ ಎಂಬುದು. ಅಂತ್ಯದಿನ ಬಂದೆರಗಿದರೂ ಕೈಯಲ್ಲೊಂದು ಸಸಿಯಿದ್ದರೆ ಅದನ್ನು ನೆಟ್ಟುಬಿಡಬೇಕೆಂದು ಕಲಿಸಿದ ಪ್ರವಾದಿಯ ಅನುಯಾಯಿಗಳು ಈ ಮಾತನ್ನು ಆಡುವುದು ಹೇಗೆ? ನೆಲ ಮತ್ತು ಕಡಲಿನಲ್ಲಿ ಕೆಡುಕು ಪ್ರಕಟವಾದುದು ಮನುಷ್ಯರ ಕರ್ಮಫಲದಿಂದ ಎಂದು ಅರ್ರೂಮ್ ಅಧ್ಯಾಯದ 41ನೇ ಸೂಕ್ತವು ಎಚ್ಚರಿಸುತ್ತದೆ. ಅವರು ಮರಳಿ ಬರಬೇಕೆಂಬುದೇ ಆ ಎಚ್ಚರಿಕೆಯ ಉದ್ದೇಶವೆಂದೂ ಅದೇ ಸೂಕ್ತದಲ್ಲಿದೆ. ಲಕ್ಷಣ ಕಂಡು ಕೈಕಟ್ಟಿ ಕೂರಲು ಅಲ್ಲಿ ಅನುಮತಿಯಿಲ್ಲ.

ಎರಡನೆಯ ಉತ್ತರ, ಹೊಗೆಯುಗುಳಿದ್ದು ಅಮೆರಿಕ ಮತ್ತು ಯುರೋಪ್, ನಮ್ಮದೇನು ಪಾಲು ಎಂಬುದು. ಇದರಲ್ಲಿ ಸತ್ಯಾಂಶವಿದೆ. ಅತಿ ಹೆಚ್ಚು ಸುಟ್ಟವರು ಅತಿ ಹೆಚ್ಚು ತೆರಬೇಕೆಂಬುದು ನ್ಯಾಯ. ಆದರೆ ಬಿಸಿಲು ಆ ನ್ಯಾಯವನ್ನು ಪಾಲಿಸುವುದಿಲ್ಲ. 2024ರ ಹಜ್ಜ್ ವೇಳೆ ಮಕ್ಕಾದಲ್ಲಿ ತಾಪಮಾನ 51.8 ಡಿಗ್ರಿ ಮುಟ್ಟಿತು. 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರವೇ ತಿಳಿಸಿತು. ಅವರಲ್ಲಿ ಬಹುಪಾಲು ಮಂದಿ ಅಧಿಕೃತ ಪರವಾನಿಗೆಯಿಲ್ಲದೆ ಬಂದು ನೆರಳು, ವಾಹನಗಳಿಂದ ವಂಚಿತರಾದವರು.

ಇನ್ನು ನಾವು ಆಡಲು ಹಿಂಜರಿಯುವ ಮಾತು. ನಮ್ಮ ಮಸೀದಿಗಳ ಮಿನಾರಗಳು, ಮನೆಗಳ ಎರಡನೇ ಅಂತಸ್ತು, ಹೆಣ್ಣುಮಕ್ಕಳ ಮದುವೆ, ಎಲ್ಲದರಲ್ಲೂ ಕೊಲ್ಲಿಯ ತೈಲವಿದೆ. ಗಲ್ಫ್ ಸಮಿತಿ ಇಲ್ಲದ ಜಮಾಅತ್ ನಮ್ಮಲ್ಲಿ ಎಷ್ಟಿವೆ? ಆ ತೈಲ ಅಕ್ಷಯಪಾತ್ರೆಯಲ್ಲವೆಂದು ನಮಗಿಂತ ಮೊದಲು ಅರಿತವರು ಅರಬರೇ. ದುಬೈಯ ತೈಲೋತ್ಪಾದನೆ 1990ರ ದಶಕದ ಆರಂಭದಲ್ಲೇ ತುತ್ತತುದಿ ಮುಟ್ಟಿ ಇಳಿಯಿತು. ಅವರು ಬಂದರು, ವ್ಯಾಪಾರ, ವಿಮಾನಯಾನಗಳತ್ತ ಹೊರಳಿದರು. ಸೌದಿ ಅರೇಬಿಯ 2011ರಲ್ಲಿ ನಿತಾಖಾತ್ ತಂದಿತು, 2016ರಲ್ಲಿ ತೈಲಾವಲಂಬನೆ ತಗ್ಗಿಸುವ ‘ವಿಷನ್ 2030’ ಘೋಷಿಸಿತು. 2017ರಿಂದ ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ವರ್ಷವರ್ಷವೂ ಏರಿಸಿ 400ಕ್ಕೆ ಮುಟ್ಟಿಸಿತು. ಮಡದಿ ಮಕ್ಕಳನ್ನು ಊರಿಗೆ ಕಳುಹಿಸಿದ ಕುಟುಂಬಗಳು ನಮ್ಮ ಮೊಹಲ್ಲಾಗಳಲ್ಲಿವೆ. ತೈಲದೊಡೆಯರು ತೈಲ ತೀರಿದ ನಂತರದ ದಿನಗಳಿಗೆ ಸಿದ್ಧರಾಗುತ್ತಿರುವಾಗ, ಅವರ ಸಂಬಳದಲ್ಲಿ ಬದುಕುವ ನಾವು ಇನ್ನೂ ಗುಂಬಜಕ್ಕೆ ಬಣ್ಣ ಆರಿಸುತ್ತಿದ್ದೇವೆ.

ಈ ಹಣ ಬರುತ್ತಿರುವಾಗಲೇ ಅದನ್ನು ಬತ್ತದ ವಕ್ಫ್ ಆಗಿ ಪರಿವರ್ತಿಸಬೇಕಾಗಿದೆ. ಮದೀನಾದ ರೂಮಾ ಬಾವಿಯ ನೀರು ಮಾರಾಟವಾಗುತ್ತಿದ್ದಾಗ ಉಸ್ಮಾನ್(ರ)ರವರು ಅದನ್ನು ಕೊಂಡು ಸರ್ವರಿಗೂ ಬಿಟ್ಟುಕೊಟ್ಟರು. ಇಂದಿನ ರೂಮಾ ಬಾವಿ ಯಾವುದು? ಹತ್ತು ಕಿಲೋವ್ಯಾಟ್‌ನ ಸೌರಫಲಕಗಳು ದಿನಕ್ಕೆ ಸರಾಸರಿ ನಲವತ್ತು ಯೂನಿಟ್ ವಿದ್ಯುತ್ ಕೊಡುತ್ತವೆ. ಜುಮಾ, ಝುಹರ್, ಮದ್ರಸಾ, ಪಂಪು, ಇವೆಲ್ಲ ಹಗಲಿನ ಖರ್ಚುಗಳೇ. ಜಕಾರ್ತದ ಇಸ್ತಿಕ್‌ಲಾಲ್ ಮಸೀದಿಯ ಮಾಡಿನ ಮೇಲೆ 500ಕ್ಕೂ ಹೆಚ್ಚು ಸೌರಫಲಕಗಳಿವೆ. ಅಲ್ಲಿ ವುಝೂವಿನ ನೀರು ಸಂಸ್ಕರಣೆಗೊಂಡು ಮರುಬಳಕೆಯಾಗುತ್ತದೆ. ಅದು ದೊಡ್ಡ ಸರಕಾರದ ದೊಡ್ಡ ಮಸೀದಿ ಎನ್ನಬಹುದು. ಸರಿ, ವುಝೂವಿನ ನೀರನ್ನು ತೆಂಗಿನ ಬುಡಕ್ಕೆ ಹರಿಸಲು ಯಾವ ಸರಕಾರ ಬೇಕು?

2019ರ ಆಗಸ್ಟ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ ಸಮೀಪದ ಪೋತುಕಲ್ಲಿನ ಮಸೀದಿಯವರು ಮೃತದೇಹಗಳ ಮರಣೋತ್ತರ ಪರೀಕ್ಷೆಗಾಗಿ ನಮಾಝಿನ ಸ್ಥಳವನ್ನೇ ಬಿಟ್ಟುಕೊಟ್ಟರು. ಸತ್ತವರ ಧರ್ಮವನ್ನು ಯಾರೂ ಕೇಳಲಿಲ್ಲ. ದುರಂತದ ದಿನ ನಮ್ಮ ಸಮುದಾಯ ಎದ್ದು ನಿಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. ಹಿಂದಿನ ವರ್ಷ ಕೊಡಗಿನಲ್ಲಿಯೂ ನಮ್ಮ ಯುವಕರು ಕೆಸರಿಗಿಳಿದರು. ನಮ್ಮ ದೂರು ದುರಂತಕ್ಕೆ ಮೊದಲಿನ ಮುನ್ನೂರು ದಿನಗಳ ಬಗ್ಗೆ.

ಮನೆಯಲ್ಲಿ ಎಷ್ಟು ಕೊಡ ನೀರು ಬೇಕು, ಯಾವ ಬಾವಿ ಯಾವ ತಿಂಗಳು ತಳ ಕಾಣುತ್ತದೆ ಎಂಬುದನ್ನು ಬಲ್ಲವರು ನಮ್ಮ ತಾಯಂದಿರು. ಜಮಾಅತ್‌ನ ಮಹಾಸಭೆಗೆ ಅವರಿಗೆ ಆಹ್ವಾನವಿಲ್ಲ. ಈ ಬಾರಿ ಆಹ್ವಾನಿಸಿ. ಲೆಕ್ಕಪತ್ರ ಓದುವಾಗ ಮೂರು ಬಾಬ್ತುಗಳನ್ನು ಪ್ರತ್ಯೇಕವಾಗಿ ಓದಿಸಿ: ವಿದ್ಯುತ್ ಬಿಲ್ ಎಷ್ಟು, ಟ್ಯಾಂಕರ್ ನೀರಿಗೆ ಎಷ್ಟು, ಬಣ್ಣ ಮತ್ತು ದೀಪಾಲಂಕಾರಕ್ಕೆ ಎಷ್ಟು. ಅನಂತರ ತಾರಸಿಯ ಪೈಪು ಎಲ್ಲಿಗೆ ಹೋಗುತ್ತದೆಂದು ಅಧ್ಯಕ್ಷರನ್ನು ಕೇಳಿ.