ಹಜಾರ್ಡ್ ಅಭಿಮಾನ ಅಪರಾಧವಲ್ಲ

ಹೈದರಾಬಾದಿನ ಕನ್ನಡ ಕೂಟಗಳಲ್ಲಿ, ಕಾಚಿಗುಡದಿಂದ ಗಚ್ಚಿಬೌಲಿಯವರೆಗೆ, ಹಿರಿಯರ ದೂರೊಂದು ಆಗಾಗ ಕೇಳಿಬರುತ್ತದೆ: ನಮ್ಮ ಮಕ್ಕಳಿಗೆ ಬೆಲ್ಜಿಯಂನ ಈಡನ್ ಹಜಾರ್ಡ್ ಗೊತ್ತು, ನಮ್ಮವರು ಗೊತ್ತಿಲ್ಲ. 2023ರ ಅಕ್ಟೋಬರ್‌ನಲ್ಲಿ, 32ರ ವಯಸ್ಸಿಗೇ ಆಟ ಬಿಟ್ಟ ಈ ಮಿಡ್‌ಫೀಲ್ಡರ್ ಇಂದಿಗೂ ಮಕ್ಕಳ ಮೊಬೈಲುಗಳಲ್ಲಿ ಓಡುತ್ತಲೇ ಇದ್ದಾರೆ. ಇದನ್ನು ಪರದೇಶದ ವ್ಯಾಮೋಹವೆಂದು ಜರೆಯುವುದನ್ನು ನಾವು ಒಪ್ಪುವುದಿಲ್ಲ.

ಕೀರ್ತಿ ತಾನಾಗಿ ಉಳಿಯುವುದಿಲ್ಲ, ಅದನ್ನು ಸಾಕಬೇಕು. ಚೆಲ್ಸಿ ಪರವಾಗಿ ಹಜಾರ್ಡ್ ಹೊಡೆದ 110 ಗೋಲುಗಳ ದೃಶ್ಯಗಳನ್ನು ಜೋಪಾನ ಮಾಡಿದವರಿದ್ದಾರೆ, ತುಣುಕುಗಳಾಗಿ ಮತ್ತೆ ಮತ್ತೆ ಹರಿಯಬಿಡುವವರಿದ್ದಾರೆ. ಕಣ್ಣಿಗೆ ಬಿದ್ದುದನ್ನು ಮಕ್ಕಳು ಪ್ರೀತಿಸುತ್ತಾರೆ. ಕಾಣದುದನ್ನು ಪ್ರೀತಿಸಲಿಲ್ಲವೆಂದು ಅವರನ್ನು ಗದರಿಸುವುದು ಯಾವ ನ್ಯಾಯ?

ತೋರಿಸಲು ನಮ್ಮಲ್ಲಿ ಏನೂ ಇಲ್ಲವೆ? ಇದೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಅಂದಿನ ಮಾತಿನಲ್ಲಿ ಅವರು ಹಾಫ್‌ಬ್ಯಾಕ್. ಇಂದಿನ ಮಾತಿನಲ್ಲಿ ಮಿಡ್‌ಫೀಲ್ಡರ್. ಕನ್ನಡನಾಡಿನ ಆಟಗಾರ, ಹೈದರಾಬಾದಿನ ಗುರು: ಹೊರನಾಡ ಕನ್ನಡಿಗರಾದ ನಮಗೆ ಇದಕ್ಕಿಂತ ಹತ್ತಿರದ ಕಥೆ ಬೇಕೆ?

1963ರಲ್ಲಿ ತೀರಿಕೊಂಡ ರಹೀಮರ ಬದುಕು ತೆರೆಗೆ ಬಂದದ್ದು 2024ರಲ್ಲಿ, 'ಮೈದಾನ್' ಎಂಬ ಹಿಂದಿ ಚಿತ್ರವಾಗಿ. ಅವರ ಶಿಷ್ಯ, ಸಿಕಂದರಾಬಾದಿನ ತುಳಸೀದಾಸ್ ಬಲರಾಂ ಕಣ್ಣು ಮುಚ್ಚಿದ್ದು 2023ರ ಫೆಬ್ರವರಿಯಲ್ಲಿ. ಹಜಾರ್ಡ್ ವಿದಾಯ ಹೇಳಿದ್ದೂ ಅದೇ ವರ್ಷ. ಈ ಊರಿನ ಮಕ್ಕಳಿಗೆ ತಲುಪಿದ್ದು ಎರಡನೆಯ ಸುದ್ದಿ ಮಾತ್ರ ಎಂದಾದರೆ ತಪ್ಪು ಮಕ್ಕಳದಲ್ಲ, ಮೊದಲನೆಯದನ್ನು ಹೇಳಬೇಕಾಗಿದ್ದವರದು.

ಸಾಹಿತ್ಯದ ವೇದಿಕೆಗೆ ಚೆಂಡಾಟದ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಚೆಂಡಿನದಲ್ಲ, ಭಾಷೆಯದು. ಎದುರಾಳಿಯನ್ನು ಬೆನ್ನಿಗಂಟಿಸಿಕೊಂಡೇ ಹಜಾರ್ಡ್ ಗಕ್ಕನೆ ತಿರುಗಿ ನುಸುಳುವ ಸೊಗಸನ್ನು ಬಣ್ಣಿಸಬೇಕೆನಿಸಿದಾಗ ಹೊರನಾಡಿನ ಮಗು ಇಂಗ್ಲಿಷಿಗೋ ತೆಲುಗಿಗೋ ಹೊರಳುತ್ತದೆ. ಉತ್ಸಾಹ ಒಂದು ಭಾಷೆಯಲ್ಲಿ, ಉಪದೇಶ ಇನ್ನೊಂದರಲ್ಲಿ ಎಂದಾದರೆ ಮಗು ಯಾವುದನ್ನು ಉಳಿಸಿಕೊಂಡೀತು? ಕನ್ನಡವನ್ನು ನವೆಂಬರ್ ಭಾಷಣಕ್ಕೂ ಮನೆಯ ಗದರಿಕೆಗೂ ಮೀಸಲಿಟ್ಟು, ಅದು ಮುಂದಿನ ತಲೆಮಾರಿಗೆ ದಾಟಲೆಂದು ಹಾರೈಸುವುದು ನೀರೆರೆಯದೆ ಫಲ ಬೇಡಿದಂತೆ.

ಆದ್ದರಿಂದ ನಾವು ಕೇಳುವುದು ಎರಡೇ. ಬರುವ ರಾಜ್ಯೋತ್ಸವದಲ್ಲಿ ಒಂದು ಭಾಷಣ ಕಡಿಮೆ ಮಾಡಿ, ಹಜಾರ್ಡ್ ಏಕೆ ಇಷ್ಟ ಎಂಬುದನ್ನು ಕನ್ನಡದಲ್ಲಿ ಹೇಳಲು ಒಬ್ಬ ಹುಡುಗನಿಗೋ ಹುಡುಗಿಗೋ ಹತ್ತು ನಿಮಿಷ ಕೊಡಿ. ತಡವರಿಸಿದರೆ ತಿದ್ದಬೇಡಿ, ಕೇಳಿ. ಅನಂತರ ಆ ಕಾಲದ ಪಂದ್ಯಗಳನ್ನು ಕಣ್ಣಾರೆ ಕಂಡ ಹಿರಿಯರು ರಹೀಮರ, ಕೆಂಪಯ್ಯನವರ ಆಟವನ್ನು ಅದೇ ಮಗುವಿಗೆ ಹೇಳಲಿ. ಯಾರಾದರೂ ಅದನ್ನು ಬರೆದುಕೊಳ್ಳಲಿ. ಅಂಥ ಹಿರಿಯರು ಇನ್ನು ಹೆಚ್ಚು ಕಾಲ ನಮ್ಮ ನಡುವೆ ಇರುವುದಿಲ್ಲ. ಹಜಾರ್ಡ್ ಆಟದ ದೃಶ್ಯಗಳಾದರೋ ನಾಳೆಯೂ ಸಿಗುತ್ತವೆ.